ಸೆಕ್ರೆಟ್ರಿ ಮುಯ್ಯಿ

ಬಾಳ್ಳುಪೇಟೆಯಲ್ಲಿ ಬಸ್ಸಿಳಿದರೆ ನಾನು ರಸ್ತೆ ದಾಟುವುದಿಲ್ಲ. ಗೊಬ್ಬರದ ಅಂಗಡಿ, ಮೊಬೈಲ್ ಅಂಗಡಿ ಹಾದು, ಬೆಳಗೋಡಿನ ಬಸ್ಸು ನಿಲ್ಲುವ ಕಡೆ ಹೋಗಿ ಹೆದ್ದಾರಿಗೆ ಬೆನ್ನು ಹಾಕಿ ನಿಂತುಬಿಡುತ್ತೇನೆ. ಎರಡು ವರ್ಷದಿಂದ ಹೀಗೇ ನಡೆದಿದೆ. ರಸ್ತೆಯ ಆಚೆ ಬದಿಗೆ ಸುಶೀಲಳ ಹೊಲಿಗೆ ಅಂಗಡಿ ಇದೆ, ಆಕೆಗೆ ಮುಖ ತೋರಿಸಲು ನನ್ನಿಂದ ಆಗುವುದಿಲ್ಲ. ಮಂಗಳೂರು ಕಡೆಯ ಲಾರಿಗಳು ಸಾಲುಗಟ್ಟಿ ಅಡ್ಡ ಬಂದರೆ ಉಳಿದವರು ಬೈಯುತ್ತಾರೆ, ನಾನು ಒಳಗೊಳಗೇ ಅವಕ್ಕೆ ಕೈ ಮುಗಿಯುತ್ತೇನೆ.

ಹೋದ ವಾರ ಹಾಗೆ ನಿಂತಿದ್ದಾಗ ಹಿಂದಿನ ಹೋಟೆಲಿನವನು ಕಡುಬಿನ ಪಾತ್ರೆಯ ಮುಚ್ಚಳ ತೆಗೆದ. ಅಕ್ಕಿತರಿ ಬೆಂದ ಬಿಸಿ ಆವಿ ನೇರ ಬಂದು ಮೂಗಿಗೆ ಹೊಡೆಯಿತು. ಕಡುಬು ನಮಗೇನು ಅಪರೂಪವೇ? ವಾರಕ್ಕೆರಡು ಸಲ ಮನೆಯಲ್ಲೇ ತಿನ್ನುತ್ತೇನೆ. ಆದರೆ ಅವತ್ತು ಮೋಡ ಮುಸುಕಿತ್ತು, ಮಳೆಗಾಲದ ಬಾಲ ಇನ್ನೂ ಉಳಿದಿತ್ತು, ಅಕ್ಟೋಬರಿನ ಅದೇ ಥಂಡಿ. ಅಂಥದೇ ಒಂದು ಬೆಳಿಗ್ಗೆ ನಮ್ಮ ಊರಿನ ಮನೆಮನೆಯಲ್ಲೂ ಕಡುಬಿನ ಪಾತ್ರೆ ಒಲೆಗೇರಿದ್ದು, ಊರಿಗೆ ಊರೇ ಆ ವಾಸನೆ ಹಿಡಿದಿದ್ದು ನೆನಪಾಯಿತು.

ನನ್ನ ಹೆಸರು ಮಲ್ಲೇಶಪ್ಪ. ಬೆಳಗೋಡು ಹೋಬಳಿಯ ಒಂದು ಸಹಕಾರ ಸೊಸೈಟಿಯಲ್ಲಿ ಸೆಕ್ರೆಟರಿಯಾಗಿ ತಲೆ ಹಣ್ಣು ಮಾಡಿಕೊಂಡವನು. ನಿವೃತ್ತನಾದರೂ ಊರಿನ ಬಾಯಲ್ಲಿ ಇವತ್ತಿಗೂ ‘ಸೆಕ್ರೆಟ್ರಿ’. ಚೆಸ್ ನನ್ನ ಚಟ. ಇಸ್ಪೀಟಾಡಿದ್ದರೆ ಯಾರೂ ಏನೂ ಅನ್ನುತ್ತಿರಲಿಲ್ಲ, ಚೆಸ್ ಆಡಿದ್ದಕ್ಕೆ ‘ಸೆಕ್ರೆಟ್ರಿಗೆ ಸ್ವಲ್ಪ ಲೂಸು’ ಅಂದರು. ಈ ಚಟದ ದೆಸೆಯಿಂದಲೇ ದುಡಿಯುವವರ ಒಂದು ಚೆಸ್ ಸಂಘಕ್ಕೆ ಸೇರಿದೆ. ಹೆಸರಿಗೆ ಅದು ರಾಷ್ಟ್ರೀಯ ಸಂಘ. ಟೀವಿಯಲ್ಲಿ ಕಾಣುವ ಆಟಗಾರರು ಅದರಲ್ಲಿ ಒಬ್ಬರೂ ಇರಲಿಲ್ಲ. ಗಿರಣಿಯವರು, ನೇಕಾರರು, ಬಸ್ ಕಂಡಕ್ಟರುಗಳು, ಹೋಟೆಲಿನಲ್ಲಿ ದುಡಿಯುವವರು, ಹೊಟ್ಟೆಪಾಡು ಮುಗಿಸಿ ಉಳಿದ ಹೊತ್ತಿನಲ್ಲಿ ಕಾಯಿ ನಡೆಸುವವರು. ವರ್ಷಕ್ಕೊಂದು ಸಲ ಎಲ್ಲ ರಾಜ್ಯದವರೂ ಒಂದು ಊರಲ್ಲಿ ಸೇರಿ ವಾರವಿಡೀ ಆಡುತ್ತಿದ್ದರು. ಆ ಕೂಟವೇ ಸಂಘದ ಜೀವ.

ನಾಗಪುರದಲ್ಲಿ ವಾರ್ಷಿಕ ಸಭೆ ಆದಾಗ ಊಟ ಮುಗಿಸಿ ಕೈ ತೊಳೆಯಲು ಹೋದೆ, ವಾಪಸು ಬರುವಷ್ಟರಲ್ಲಿ ಖಜಾಂಚಿಯಾಗಿದ್ದೆ. ಹಳೆಯ ಖಜಾಂಚಿ ಬಿಪಿ ಜಾಸ್ತಿಯಾಗಿ ಬಿಟ್ಟುಹೋಗಿದ್ದರು, ಆ ಕುರ್ಚಿ ಕಂಡರೆ ಎಲ್ಲರೂ ಮಾರು ದೂರ. ರೈಲ್ವೆಯಲ್ಲಿ ಯೂನಿಯನ್ ಕಟ್ಟಿ ನಿವೃತ್ತರಾಗಿದ್ದ ಅಧ್ಯಕ್ಷ ಪಾಟೀಲರು ನನ್ನ ಬೆನ್ನು ತಟ್ಟಿ, ಸೊಸೈಟಿ ನಡೆಸಿದವರಿಗೆ ಇದೇನು ಮಹಾ ಅಂದರು. ಊರಿಗೆ ಬಂದು ಹೆಮ್ಮೆಯಿಂದ ಹೇಳಿಕೊಂಡರೆ ನನ್ನ ಹೆಂಡತಿ ಪಾರ್ವತಿ ಹಲಸಂದೆ ಬಿಡಿಸುವುದನ್ನು ನಿಲ್ಲಿಸಲೂ ಇಲ್ಲ.

“ಸಂಬಳ ಎಷ್ಟಂತೆ?”

“ಗೌರವ ಖಜಾಂಚಿ ಕಣೇ. ಸಂಬಳ ಇಲ್ಲ.”

“ಖಜಾನೇಲಿ ಏನಾರ ಐತಾ?”

“ಅದೂ ಅಷ್ಟಕ್ಕಷ್ಟೆ.”

“ಸಂಬಳ ಇಲ್ಲ, ಖಜಾನೆ ಇಲ್ಲ. ಗೌರವ ಮಾತ್ರ ಎಲ್ಲಿಂದ ಬತ್ತದ್ರೀ?”

ಪಾರ್ವತಿಯ ಬಾಯಿಗೆ ಲಗಾಮಿಲ್ಲ, ಆದರೆ ಅದು ಸುಮ್ಮನೆ ಆಡುವ ಬಾಯೂ ಅಲ್ಲ. ಸಂಘಕ್ಕೆ ವರ್ಷವರ್ಷ ದೇಣಿಗೆ ಕೊಡುತ್ತಿದ್ದ ಕಂಪನಿಯೊಂದು ಕೈ ಎತ್ತಿತ್ತು. ಹಾಲಿನ ಬಾಡಿಗೆ, ಲಾಡ್ಜು, ಎರಡು ಹೊತ್ತಿನ ಊಟ ಅಂತ ಲೆಕ್ಕ ಹಾಕಿದರೆ ನಮ್ಮ ಬ್ಯಾಂಕಿನಲ್ಲಿದ್ದದ್ದು ಆನೆ ಹೊಟ್ಟೆಗೆ ಅರೆಕಾಸಿನ ಮಜ್ಜಿಗೆ. ಖಾತೆಯಿಂದ ಆ ಮಜ್ಜಿಗೆ ತೆಗೆಯಬೇಕಾದರೂ ಮೂರು ರಾಜ್ಯದ ಮೂವರು ಸಹಿ ಹಾಕಬೇಕಿತ್ತು. ನಾನು ಸಂಜೆಯೆಲ್ಲ ಫೋನು ಹಿಡಿದು ದಾನಿಗಳನ್ನು ಹುಡುಕಿದೆ. ‘ಚೆಸ್ಸಾ? ನೋಡೋಣ’ ಅಂದವರೇ ಎಲ್ಲ. ಕೊಡುವವನು ಯಾವತ್ತೂ ನೋಡೋಣ ಅನ್ನುವುದಿಲ್ಲ ಅಂತ ಸೊಸೈಟಿಯಲ್ಲಿ ಕೂತವನಿಗೆ ಗೊತ್ತಿರುತ್ತದೆ.

ಆ ಜುಲೈನಲ್ಲಿ ಪಾಟೀಲರು ಆನ್‌ಲೈನ್ ಸಭೆ ಕರೆದರು. ಅವತ್ತು ನಮ್ಮ ಗದ್ದೆಯಲ್ಲಿ ನಾಟಿ. ಕಾಲಿನ ಕೆಸರೂ ತೊಳೆಯದೆ ಬಂದು ಸಿಗ್ನಲ್ ಸಿಗುವ ಜಗಲಿಯ ಮೂಲೆಯಲ್ಲಿ ಕೂತಿದ್ದೆ. ನಮ್ಮ ಕಡೆ ನಾಟಿಗೆ ಆಳು ಸಿಗುವುದಿಲ್ಲ, ಸಿಕ್ಕರೂ ಕೂಲಿ ಪೂರೈಸುವುದಿಲ್ಲ. ಅದಕ್ಕೇ ನಮ್ಮ ಕೇರಿಯ ಕೆಲವು ಮನೆಗಳಲ್ಲಿ ಮುಯ್ಯಾಳಿನ ಪದ್ಧತಿ ಇನ್ನೂ ಉಳಿದಿತ್ತು. ಇವತ್ತು ನಿನ್ನ ಗದ್ದೆಗೆ ನಮ್ಮ ಮನೆಯವರು, ನಾಳೆ ನನ್ನ ಗದ್ದೆಗೆ ನಿಮ್ಮ ಮನೆಯವರು. ದುಡ್ಡಿನ ಮಾತಿಲ್ಲ, ಗದ್ದೆಯವನು ಹೊಟ್ಟೆ ತುಂಬ ಊಟ ಹಾಕಿದರೆ ಸಾಕು. ಫೋನಿನಲ್ಲಿ ಪಾಟೀಲರು ಇನ್ನು ಕೂಟ ನಿಲ್ಲಿಸಿಬಿಡೋಣ ಅನ್ನುತ್ತಿದ್ದರು. ಅದೇ ಹೊತ್ತಿಗೆ ಗದ್ದೆಯಿಂದ ನಮ್ಮ ನೆರೆಯ ತಮ್ಮಯ್ಯನ ಹೆಂಡತಿಯ ದನಿ ಕೇಳಿತು, “ನಾಳೀಕೆ ನಮ್ದು ಕಣ್ರವ್ವಾ, ಮರೀಬ್ಯಾಡ್ರಿ!”

ನನಗೆ ಅಲ್ಲೇ ಹೊಳೆಯಿತು. ನನ್ನ ಹರುಕು ಹಿಂದಿಯಲ್ಲಿ ಮುಯ್ಯಾಳು ಅಂದರೆ ಏನು ಅಂತ ವಿವರಿಸಿದೆ. ಲಾಡ್ಜು ಯಾಕೆ, ಮನೆಗಳಿಲ್ಲವೇ? ಈ ವರ್ಷ ನೀವು ನಮ್ಮ ಮನೆಗಳಲ್ಲಿ ಇರಿ, ಮುಂದಿನ ವರ್ಷ ನಾವು ನಿಮ್ಮ ಮನೆಗಳಲ್ಲಿ ಇರುತ್ತೇವೆ, ಆಮೇಲೆ ಇನ್ನೊಬ್ಬರ ಸರದಿ. ಫೋನಿನ ಪುಟ್ಟ ಪುಟ್ಟ ಚೌಕಗಳಲ್ಲಿ ಚಪ್ಪಾಳೆ ಬಿತ್ತು. ಕೋಲ್ಕತ್ತದ ಹತ್ತಿರ ಸೆಣಬಿನ ಗಿರಣಿಯಲ್ಲಿ ದುಡಿಯುವ ಹಲ್ದಾರ್ ಅನ್ನುವವರು ಎಲ್ಲರಿಗಿಂತ ಜೋರಾಗಿ, ಮುಂದಿನ ಸರದಿ ನಮ್ಮದು, ಬರೆದುಕೊಳ್ಳಿ ಅಂದರು. ನನ್ನ ಜನ್ಮದಲ್ಲಿ ಯಾವ ಸಭೆಯಲ್ಲೂ ನನ್ನ ಮಾತಿಗೆ ಚಪ್ಪಾಳೆ ಬಿದ್ದಿರಲಿಲ್ಲ. ತಲೆ ತಿರುಗಿಬಿಟ್ಟಿತು ಅಂತಲೇ ಹೇಳಬೇಕು.

ಊರಿನವರನ್ನೂ ಸುತ್ತಿನ ಚೆಸ್ ಆಟಗಾರರನ್ನೂ ಸಮುದಾಯ ಭವನದಲ್ಲಿ ಸೇರಿಸಿದೆ. ನಾಟಿ ಮುಗಿದಿತ್ತು, ಕಾಫಿ ಹಣ್ಣಾಗಲು ಇನ್ನೂ ಹೊತ್ತಿತ್ತು, ಜನರಿಗೆ ಬಿಡುವಿತ್ತು. ತಮ್ಮಯ್ಯನೇ ಮೊದಲು ಬಾಯಿ ತೆಗೆದ.

“ಅಲ್ಲ ಸೆಕ್ರೆಟ್ರಿ, ಆ ಬೆಂಗಾಲಿಗಳು ಮೀನಿಲ್ದೆ ಉಂಬಲ್ಲಂತೆ. ನಾನೇನು ಹೊಳೇಲಿ ಗಾಳ ಹಾಕ್ಕಂಡು ಕೂರದಾ?”

“ಕೋಳಿ ಕುಯ್ಯಯ್ಯ, ತಿಂತಾರೆ.”

“ಅವ್ರ ಮಾತು ನಂಗೆ ತಿಳಿಯಾಕಿಲ್ಲ, ನನ್ ಮಾತು ಅವ್ರಿಗೆ ತಿಳಿಯಾಕಿಲ್ಲ.”

“ನಿನ್ನ ಹೆಂಡ್ತಿಗೂ ನಿಂಗೂ ಇಷ್ಟು ವರ್ಷದಿಂದ ಹಂಗೇ ನಡೀತಿಲ್ವಾ ಮಾರಾಯ?”

ಎಲ್ಲರೂ ನಕ್ಕರು, ಕೆಲಸ ಆಯಿತು ಅಂದುಕೊಂಡೆ. ಆಗ ಹಿಂದಿನ ಸಾಲಿನಿಂದ ಸುಶೀಲ ಎದ್ದು ನಿಂತಳು. “ಸಾರ್, ಮುಂದ್ಲ ವರ್ಷ ನಾವು ಅಲ್ಲಿಗೆ ಹೋದ್ರೆ ಅವ್ರೂ ಹಿಂಗೇ ಮನೇಲಿ ಇಟ್ಕಂತಾರಾ?”

ಸುಶೀಲ ಬ್ಲೌಸು ಹೊಲಿಯುತ್ತಾಳೆ, ಸೀರೆಗೆ ಫಾಲ್ಸು ಹಾಕುತ್ತಾಳೆ. ಅಪ್ಪ ಎಸ್ಟೇಟಿನಲ್ಲಿ ಲೆಕ್ಕ ಬರೆಯುವ ರೈಟರಾಗಿದ್ದವರು, ಮಳೆಗಾಲದ ಸಂಜೆಗಳಲ್ಲಿ ಮಗಳಿಗೆ ಚೆಸ್ ಕಲಿಸಿದ್ದರು. ನಮ್ಮ ಸುತ್ತಿನಲ್ಲಿ ಆಕೆಯನ್ನು ಸೋಲಿಸುವವರಿಲ್ಲ, ನಾನಂತೂ ಸೋತು ಸೋತು ನಾಚಿಕೆ ಬಿಟ್ಟವನು. ಆದರೆ ಕೂಟಕ್ಕೆ ಒಂದು ವರ್ಷವೂ ಬಂದಿರಲಿಲ್ಲ. ರೈಲಿನ ಟಿಕೆಟ್ಟಿಗೆ ಹೇಗೋ ಹೊಂದಿಸಬಹುದಿತ್ತು, ವಾರವಿಡೀ ಲಾಡ್ಜಿನ ಖರ್ಚು ಅಂದರೆ ಆಗದ ಮಾತು. ಹೆಂಗಸೊಬ್ಬಳು ಲಾಡ್ಜಿನಲ್ಲಿ ಇರುವುದಕ್ಕೆ ಗಂಡನೂ ಒಪ್ಪುತ್ತಿರಲಿಲ್ಲ. ಆತ ಲಾರಿ ಡ್ರೈವರು. “ನಮ್ಮನೆಯವ್ರು ಇಡೀ ದೇಶ ನೋಡವ್ರೆ, ನಾನು ಹಾಸನ ದಾಟಿಲ್ಲ” ಅಂತ ನಗುತ್ತಲೇ ಹೇಳುತ್ತಿದ್ದಳು. ಒಂದು ಮನೆಯಲ್ಲಿ, ನಾಲ್ಕು ಹೆಂಗಸರ ನಡುವೆ ಉಳಿಯುವುದಾದರೆ ಗಂಡನದು ಅಡ್ಡಿಯಿರಲಿಲ್ಲ. ಆಕೆಯ ಮಟ್ಟಿಗೆ ನನ್ನ ಮುಯ್ಯಾಳಿನ ಯೋಜನೆ ಅಂದರೆ ಹಾಸನ ದಾಟುವ ಒಂದೇ ದಾರಿ.

“ಇಟ್ಕಂತಾರೆ ಕಣಮ್ಮ,” ಅಂದೆ. “ನಾನೇ ಜಾಮೀನು.”

ಕೆಲಸದಲ್ಲಿದ್ದಷ್ಟು ಕಾಲವೂ ಬೇರೆಯವರ ಸಾಲಕ್ಕೆ ಜಾಮೀನು ಹಾಕಬೇಡಿ ಅಂತ ಊರಿಗೆಲ್ಲ ಬುದ್ಧಿ ಹೇಳಿದ ಮನುಷ್ಯ ನಾನು. ಇಡೀ ದೇಶಕ್ಕೆ ಜಾಮೀನು ಹಾಕಿ ಬೀಗುತ್ತಾ ಮನೆಗೆ ಬಂದೆ.

ಅಕ್ಟೋಬರಿನಲ್ಲಿ ಅವರು ಬಂದರು. ಬೆಳಗೋಡಿನ ಭವನದಲ್ಲಿ ಮೇಜು ಹಾಕಿದೆವು, ಮಲಗುವುದು ಮನೆಗಳಲ್ಲಿ. ಆನೆಗಳ ಕಾಟ ಇದ್ದದ್ದರಿಂದ ಆಟವನ್ನು ನಾಲ್ಕಕ್ಕೆ ಮುಗಿಸಿ, ಬೆಳಕಿರುವಾಗಲೇ ನೆಂಟರನ್ನು ಮನೆ ಮುಟ್ಟಿಸಬೇಕು ಅಂತ ಊರವರು ಕಟ್ಟು ಮಾಡಿದರು. ಬೆಳಿಗ್ಗೆ ಎದ್ದ ತಕ್ಷಣ ಎಲ್ಲರ ಮೊಬೈಲಿಗೂ ಆನೆ ಎಲ್ಲಿದೆ ಅನ್ನುವ ಮೆಸೇಜು ಬರುತ್ತಿತ್ತು. ಹಲ್ದಾರ್ ತಮ್ಮಯ್ಯನ ಮನೆಯಲ್ಲಿದ್ದರು. ಮೊದಲ ದಿನ ಗದ್ದೆ ಬದುವಿನ ಮೇಲೆ ಆನೆಯ ಹೆಜ್ಜೆ ತೋರಿಸಿದಾಗ, ಸೆಣಬಿನ ಗಿರಣಿಯ ಆ ಸಣಕಲು ಮನುಷ್ಯ ತನ್ನ ಚಪ್ಪಲಿ ಕಾಲನ್ನು ಅದರೊಳಗಿಟ್ಟು ನೋಡಿ, ಎರಡು ದಿನ ಆಟ ಮುಗಿಸಿ ಬಂದ ಮೇಲೆ ಅಂಗಳಕ್ಕೇ ಇಳಿಯಲಿಲ್ಲ. ತಮ್ಮಯ್ಯನ ಹೆಂಡತಿ ಕಡುಬು, ಕೋಳಿಸಾರು ಬಡಿಸಿದರೆ ಹಲ್ದಾರ್ ಮೊದಲು ಕಡುಬನ್ನು ಕೈಯಲ್ಲಿ ಹಿಡಿದು ಇದು ಸಿಹಿತಿಂಡಿಯೋ ಹೇಗೆ ಅಂತ ಅನುಮಾನದಿಂದ ತಿರುಗಿಸಿ ನೋಡಿದರಂತೆ. ಮೂರನೆಯ ದಿನಕ್ಕೆ ಒಲೆಯ ಮುಂದೆ ಕೂತು ಉಂಡೆ ಕಟ್ಟುತ್ತಿದ್ದರು.

ನಮ್ಮ ಮನೆಗೆ ಬಂದಿದ್ದ ಇಬ್ಬರು ನೇಕಾರರು ಪಾರ್ವತಿಯ ಸೀರೆಯ ಸೆರಗು ಹಿಡಿದು ನೇಯ್ಗೆ ನೋಡಿ ಮೂಗು ಮುರಿದರು. ಆಕೆಗೆ ಅವರ ಮೇಲೆ ಅದೇನು ಪ್ರೀತಿ ಬಂತೋ, ನನಗೆ ಕೊಡದ ತುಪ್ಪವನ್ನು ಅವರಿಗೆ ಸುರಿದಳು. ಬಿಡುವಿನ ದಿನ ಜೀಪು ಮಾಡಿಕೊಂಡು ಬಿಸಿಲೆಗೆ ಹೋದೆವು. ಘಟ್ಟದ ತುದಿಯಲ್ಲಿ ನಿಂತರೆ ಬರೀ ಮಂಜು, ಕೈ ಚಾಚಿದರೆ ಕೈ ಕಾಣದು. ಅಷ್ಟು ದೂರದಿಂದ ಬಂದವರಿಗೆ ಗುಡ್ಡ ಕಾಣಲಿಲ್ಲವಲ್ಲ ಅಂತ ನಾನು ಪೇಚಾಡುತ್ತಿದ್ದರೆ ಹಲ್ದಾರ್, ಇರಲಿ ದಾದಾ, ನಮ್ಮಲ್ಲೂ ಹೊಗೆಯೇ, ಇದು ಕೆಮ್ಮು ಬರಿಸದ ಹೊಗೆ ಅಂದರು. ಆ ವಾರ ನಾನು ಸುಖವಾಗಿದ್ದೆ. ಇದನ್ನು ಮುಚ್ಚಿಡುವುದೇನಿದೆ, ಮದುವೆಯಾದ ವರ್ಷ ಬಿಟ್ಟರೆ ಅಷ್ಟು ಸುಖವಾಗಿದ್ದುದು ಆಗಲೇ.

ಕೊನೆಯ ದಿನ ಸುಶೀಲಳಿಗೆ ಹಲ್ದಾರ್ ಎದುರಾಳಿ. ಗೆದ್ದವರಿಗೆ ಮೊದಲ ಸ್ಥಾನ. ಸುಶೀಲಳ ಮನೆಯಲ್ಲೂ ಇಬ್ಬರು ಹೆಂಗಸರು ಉಳಿದಿದ್ದರು. ಆಕೆ ಬೆಳಗಿನ ಜಾವ ಎದ್ದು ಅವರಿಗೆ ಅಡುಗೆ ಮಾಡಿ, ಬಸ್ಸು ಹಿಡಿದು ಬೆಳಗೋಡಿಗೆ ಬಂದು, ಆಡಿ, ಸಂಜೆ ಮತ್ತೆ ಬಾಳ್ಳುಪೇಟೆಗೆ ಓಡುತ್ತಿದ್ದಳು. ಅವತ್ತು ಆಟ ಎಳೆಯಿತು. ಸುಶೀಲಳ ಕೈ ಮೇಲಾಗಿತ್ತು, ನಾನು ಹಿಂದೆ ನಿಂತು ನೋಡುತ್ತಿದ್ದೆ. ನಾಲ್ಕರ ಬಸ್ಸು ಬಂದು ಹೊರಗೆ ಹಾರ್ನ್ ಹೊಡೆಯಿತು. ಅದು ಹೋದರೆ ನೆಂಟರನ್ನು ಕತ್ತಲಲ್ಲಿ ಕರೆದುಕೊಂಡು ಹೋಗಬೇಕು, ಮನೆಗೆ ಹೋಗಿ ಅಕ್ಕಿತರಿ ಬೇಯಿಸಬೇಕು. ಆಕೆ ಒಮ್ಮೆ ಬಾಗಿಲ ಕಡೆ ನೋಡಿದಳು, ಬೇಗ ಮುಗಿಯಲಿ ಅಂತ ಮಂತ್ರಿ ಕೊಟ್ಟು ಮಂತ್ರಿ ಹೊಡೆದಳು. ಅದೇ ತಪ್ಪಾಯಿತು. ಆಮೇಲಿನ ಏಳೆಂಟು ನಡೆಗಳಲ್ಲಿ ಹಲ್ದಾರ್ ಗೆದ್ದರು.

ಹಲ್ದಾರಿಗೆ ಗೆಲುವಿನ ಖುಷಿಯೇ ಇರಲಿಲ್ಲ. ಎದ್ದು ಕೈ ಮುಗಿದು, ದೀದಿ, ಇದು ನಿಮ್ಮ ಆಟ, ಬಸ್ಸು ಸೋಲಿಸಿತು, ಮುಂದಿನ ವರ್ಷ ನಮ್ಮ ಮನೆಗೆ ಬನ್ನಿ, ನನ್ನ ಹೆಂಡತಿ ಅಡುಗೆ ಮಾಡುತ್ತಾಳೆ, ನೀವು ಕೂತು ಆಡಿ ಅಂದರು. ನಾನು ಅದನ್ನು ಕನ್ನಡದಲ್ಲಿ ಹೇಳಿದೆ. ಸುಶೀಲಳ ಮುಖ ಅರಳಿತು. “ಹೂಂ ಅನ್ರಿ ಸಾರ್ ಅವ್ರಿಗೆ. ಮುಂದ್ಲ ವರ್ಷ ನಾನು ನೆಂಟ್ರು. ಅಡುಗೆ ಯೋಚ್ನೆ ಇಲ್ದೆ ಕೂತು ಆಡ್ತೀನಿ, ಆಗ ನೋಡ್ಲಿ.”

ಅವರು ಹೊರಡುವಾಗ ಊರಿನ ಹೆಂಗಸರು ಕಾಫಿಪುಡಿ, ಮೆಣಸಿನ ಪೊಟ್ಟಣ ಕಟ್ಟಿಕೊಟ್ಟರು. ತಮ್ಮಯ್ಯ ಹಲ್ದಾರನ್ನು ತಬ್ಬಿಕೊಂಡು ಅತ್ತ. ಮಾತು ತಿಳಿಯದ ಇಬ್ಬರು ಗಂಡಸರು ಬಸ್ಸಿನ ಬಾಗಿಲಲ್ಲಿ ನಿಂತು ಅಳುವುದನ್ನು ನೋಡಿ ಕಂಡಕ್ಟರು ಸೀಟಿ ಊದುವುದನ್ನೇ ಮರೆತ.

ಆಮೇಲೆ ಕಾಫಿ ಕೊಯ್ಲು ಬಂತು, ಎಲ್ಲರೂ ಅದರಲ್ಲಿ ಮುಳುಗಿದರು. ಕೊಯ್ಲು ಮುಗಿದು ಕಾಫಿ ಹೂ ಬಿಡಿಸುವ ಹೂಮಳೆ ಬೀಳುವ ಹೊತ್ತಿಗೆ ನಾನು ಮುಂದಿನ ಕೂಟದ ಮಾತೆತ್ತಿದೆ. ಹಲ್ದಾರ್ ಫೋನಿನಲ್ಲಿ ಆಗಲಿ ಆಗಲಿ ಅನ್ನುತ್ತಿದ್ದರು, ದಿನ ಮಾತ್ರ ಹೇಳುತ್ತಿರಲಿಲ್ಲ. ಆಮೇಲಾಮೇಲೆ ಫೋನು ಎತ್ತುವುದನ್ನೇ ಕಡಿಮೆ ಮಾಡಿದರು. ಬೇರೆ ರಾಜ್ಯಗಳವರನ್ನು ಕೇಳಿದರೆ ಒಬ್ಬರಿಗೆ ಚುನಾವಣೆ, ಒಬ್ಬರಿಗೆ ಮಗಳ ಹೆರಿಗೆ, ಇನ್ನೊಬ್ಬರ ಊರಲ್ಲಿ ನೀರಿಲ್ಲ. ನನಗೆ ಮೈ ಉರಿಯಿತು. ನಮ್ಮ ಮನೆಯ ತುಪ್ಪ ತಿಂದು ಹೋದವರು, ಕೊಡುವ ಹೊತ್ತಿಗೆ ಹೀಗೆ ಜಾರುತ್ತಾರಲ್ಲ ಅಂತ ಪಾರ್ವತಿಯ ಮುಂದೆ ಹಲ್ಲು ಕಡಿದೆ. ಆಕೆ ಆ ನೇಕಾರರ ವಿಷಯದಲ್ಲಿ ಒಂದು ಮಾತೂ ಕೇಳಲು ತಯಾರಿರಲಿಲ್ಲ.

ಸುಶೀಲ ಮಾತ್ರ ತಯಾರಾಗುತ್ತಲೇ ಇದ್ದಳು. ಸೋತ ಆ ಆಟವನ್ನು ನನ್ನನ್ನು ಎದುರಿಗೆ ಕೂರಿಸಿಕೊಂಡು ಅದೆಷ್ಟು ಸಲ ಆಡಿದಳೋ. ಮಂತ್ರಿ ಹೊಡೆಯದೆ ಕುದುರೆ ಹಿಂದಕ್ಕೆ ತಂದರೆ ಹೇಗೆ, ಒಂಟೆ ಹಿಡಿದಿಟ್ಟುಕೊಂಡರೆ ಹೇಗೆ ಅಂತ. ಗಂಡನ ಲಾರಿಯ ಹಳೆಯ ಟಾರ್ಪಾಲು ಕತ್ತರಿಸಿ ಪ್ರಯಾಣಕ್ಕೆ ಒಂದು ಬ್ಯಾಗು ಹೊಲಿದಳು. ಮಳೆಗೆ ನೆನೆಯದ ಬ್ಯಾಗು, ಒಳಗಡೆ ಚೆಸ್ ಬೋರ್ಡಿಗೆ ಬೇರೆ ಜೇಬು, ಹಲ್ದಾರರ ಮನೆಗೆ ಒಯ್ಯುವ ಕಾಫಿಪುಡಿಗೆ ಬೇರೆ ಜೇಬು. ಅಂಗಡಿಯ ಗೋಡೆಯ ಮೊಳೆಗೆ ಅದನ್ನು ನೇತುಹಾಕಿದ್ದಳು. ಬ್ಲೌಸಿನ ಅಳತೆ ಕೊಡಲು ಬಂದವರೆಲ್ಲ ಇದು ಎಷ್ಟು ಅಂತ ಕೇಳುತ್ತಿದ್ದರು. “ಮಾರಾಟಕ್ಕಲ್ಲ ಕಣ್ರಿ, ನಾನು ಕಲ್ಕತ್ತಾಕ್ಕೆ ಹೋಗ್ಬೇಕು” ಅನ್ನುತ್ತಿದ್ದಳು. ನನ್ನನ್ನು ಕಂಡಾಗಲೆಲ್ಲ ಒಂದೇ ಪ್ರಶ್ನೆ, “ಟಿಕೆಟ್ ಯಾವಾಗ್ ಮಾಡ್ಸಣ ಸಾರ್?”

ಮತ್ತೆ ಮಳೆಗಾಲ ಬಂತು. ನಾಟಿಗೆ ಮೊದಲು ಒಂದು ಬೆಳಿಗ್ಗೆ ಹಲ್ದಾರ್ ತಾವಾಗಿಯೇ ಫೋನು ಮಾಡಿದರು. ನಾನು ಬೈಯಲು ಬಾಯಿ ತೆಗೆದಿದ್ದೆ. ಅಷ್ಟರಲ್ಲಿ ಅವರೇ ಶುರು ಮಾಡಿದರು.

“ದಾದಾ, ಮೊದಲು ಫೋನಿನ ಸಭೆಯಲ್ಲಿ, ಆಮೇಲೆ ನಿಮ್ಮೂರಲ್ಲಿ ಅಷ್ಟು ಜನರ ಮಧ್ಯೆ ನನ್ನ ಬಾಯಿಂದ ಬಂದುಬಿಟ್ಟಿತು. ನಮ್ಮದು ಗಿರಣಿಯವರ ಸಾಲುಮನೆ, ಲೈನಿನ ಒಂದೇ ಕೋಣೆ. ಆರು ಜನ ಇದ್ದೇವೆ. ರಾತ್ರಿ ಪಾಳಿಯವರು ಹಗಲು ಮಲಗುತ್ತಿದ್ದೆವು, ಹಗಲು ಪಾಳಿಯವರು ರಾತ್ರಿ. ಹಾಗೆ ನಡೀತಿತ್ತು. ಈಗ ಗಿರಣಿಗೆ ಬೀಗ ಬಿದ್ದಿದೆ, ಎಲ್ಲರೂ ಒಟ್ಟಿಗೇ ಮನೆಯಲ್ಲಿದ್ದೇವೆ. ನಾನು ಯೂನಿಯನ್ ಆಫೀಸಿನ ಮೆಟ್ಟಿಲ ಮೇಲೆ ಮಲಗುತ್ತೇನೆ. ದೀದಿಯನ್ನು ಕರೆಸಿ ಎಲ್ಲಿ ಮಲಗಿಸಲಿ, ಹೇಳಿ.”

“ನಿಮ್ಮ ಕಡೆಯ ಉಳಿದವರು?” ಅಂದೆ.

“ಎಲ್ಲರದೂ ಇದೇ ಲೈನು, ದಾದಾ.”

ಫೋನು ಇಟ್ಟೆ. ಜಗಲಿಯ ಮೇಲೆ ಕೂತೇ ಇದ್ದೆ. ಆಗ ತಿಳಿಯಿತು ನನಗೆ. ನಮ್ಮ ಕಡೆ ಎಂಥ ಬಡವನ ಮನೆಯಾದರೂ ಒಂದು ಜಗಲಿ ಇರುತ್ತದೆ, ನೆಂಟರು ಬಂದರೆ ಒಂದು ಚಾಪೆ ಹಾಸುವಷ್ಟು ನೆಲ ಇರುತ್ತದೆ. ಹೊಟ್ಟೆಗೆ ಇಲ್ಲದಿರಬಹುದು, ನೆಲಕ್ಕೆ ಬರ ಇಲ್ಲ. ಹಾಗಾಗಿ ದೇಶದ ದುಡಿಯುವವರಿಗೆಲ್ಲ ಮನೆ ಇರುತ್ತದೆ ಅಂತ ನಾನು ಯೋಚಿಸದೇ ನಂಬಿಕೊಂಡಿದ್ದೆ. ಮುಯ್ಯಾಳು ನಡೆಯುವುದು ಎಲ್ಲರಿಗೂ ಒಂದೊಂದು ಗದ್ದೆ ಇದ್ದಾಗ. ಗದ್ದೆಯೇ ಇಲ್ಲದವನನ್ನು ಕರೆದು ನಮ್ಮ ನಾಟಿ ಸಂಭ್ರಮ ತೋರಿಸಿ, ನಾಳೆ ನಿನ್ನದು ಅಂದಿದ್ದೆ. ಆತನಾದರೂ ಏನು ಮಾಡಬೇಕು, ಮೊದಲು ಹುಮ್ಮಸ್ಸಿಗೆ, ಆಮೇಲೆ ಉಂಡ ಋಣಕ್ಕೆ ಹೂಂ ಅಂದಿದ್ದ. ಚುನಾವಣೆ ಅಂದವರು, ಹೆರಿಗೆ ಅಂದವರು ಎಲ್ಲ ಇದನ್ನೇ ಬೇರೆ ಬಾಯಲ್ಲಿ ಹೇಳಿದ್ದರು. ನೀರಿಲ್ಲ ಅಂದಿದ್ದ ಸೂರತ್ತಿನ ಹೋಟೆಲ್ ಕೆಲಸದವನು ರಾತ್ರಿ ಅದೇ ಹೋಟೆಲಿನ ಬೆಂಚಿನ ಮೇಲೆ ಮಲಗುತ್ತಾನೆ ಅಂತ ಆಮೇಲೆ ತಿಳಿಯಿತು. ಕೊಡುವ ಮನಸ್ಸಿಲ್ಲದವನ ಮೇಲೆ ಸಿಟ್ಟು ಮಾಡಬಹುದು. ನನ್ನ ಸಿಟ್ಟಿಗೆ ಅಂದಿನಿಂದ ಹೋಗಲು ಜಾಗವೇ ಇಲ್ಲ.

ಈ ವರ್ಷವೂ ನಮ್ಮೂರಲ್ಲೇ ನಡೆಸಿದರೆ ಹೇಗೆ ಅಂತ ತಮ್ಮಯ್ಯನನ್ನು ಕೇಳಿದೆ. “ಹಲ್ದಾರಪ್ಪ ಒಬ್ನೇ ಬರದಾದ್ರೆ ಬರ್ಲಿ, ನನ್ ಮನೇಲಿ ವರ್ಷ ಇದ್ರೂ ಬ್ಯಾಡ ಅನ್ನಲ್ಲ. ಊರಿಗೆಲ್ಲ ಹ್ಯಾಂಗ್ ಹೇಳದು ಸೆಕ್ರೆಟ್ರಿ? ಒಂದೇ ಗದ್ದೆಗೆ ಎರಡ್ ಸರ್ತಿ ನಾಟಿ ಹಾಕ್ತಾರಾ?” ಹಲ್ದಾರರನ್ನು ಕರೆಯಲು ಫೋನು ಮಾಡಿದೆವು. ಗಾರೆ ಕೆಲಸಕ್ಕೆ ಬೇರೆ ರಾಜ್ಯಕ್ಕೆ ಹೋದರು ಅಂತ ಯಾರೋ ಹುಡುಗಿ ಹೇಳಿದಳು. ಆಮೇಲೆ ಆ ನಂಬರು ಚಾಲ್ತಿಯಲ್ಲಿಲ್ಲ.

ಸುಶೀಲಳಿಗೆ ಹೇಳಲೇಬೇಕಿತ್ತು. ಅಂಗಡಿಗೆ ಹೋದೆ. ಆಕೆ ಇಸ್ತ್ರಿ ಹಾಕುತ್ತಿದ್ದಳು, ಹಿಂದೆ ಗೋಡೆಯಲ್ಲಿ ಬ್ಯಾಗು ತೂಗುತ್ತಿತ್ತು.

“ಈ ವರ್ಷ ಕೂಟ ಇಲ್ಲ ಕಣಮ್ಮ.”

“ಮುಂದಕ್ಕೆ ಹಾಕವ್ರಾ ಸಾರ್?”

“ಇಲ್ಲ. ಇನ್ನು ನಡೆಯಲ್ಲ.”

“ಹಲ್ದಾರ್ ಅವ್ರು ಮನೆಗೆ ಕರ್ದಿದ್ರಲ್ಲ?”

ಆ ಒಂದು ಕೋಣೆಯ ವಿಷಯ, ಮೆಟ್ಟಿಲ ವಿಷಯ ಎಲ್ಲ ಹೇಳಿದೆ. ಆಕೆ ಇಸ್ತ್ರಿಪೆಟ್ಟಿಗೆಯನ್ನು ಪಕ್ಕಕ್ಕಿಟ್ಟು ಕೇಳಿದಳು. ನನ್ನನ್ನು ಬೈದಿದ್ದರೆ, ನೀವು ಜಾಮೀನು ಅಂದಿದ್ರಲ್ಲ ಅಂತ ಒಂದು ಮಾತು ಕೇಳಿದ್ದರೆ ನನಗೆ ಹಗುರಾಗುತ್ತಿತ್ತು. “ಪಾಪ ಅವ್ರು” ಅಂದಳು, ಅಷ್ಟೇ. ಮತ್ತೆ ಇಸ್ತ್ರಿ ಹಾಕಲು ತೊಡಗಿದಳು. ಆ ಅಂಗಡಿಯಿಂದ ಇಳಿದು ಬಂದವನು ಮತ್ತೆ ಆ ಬದಿಗೆ ಹೋಗಲಿಲ್ಲ.

ಊರಿನವರು ನನ್ನನ್ನು ಎದುರಿಗೆ ಏನೂ ಅನ್ನಲಿಲ್ಲ. ಆದರೆ ಒಂದು ಗಾದೆ ಹುಟ್ಟಿಕೊಂಡಿತು. ಕತ್ತಿ, ಗುದ್ದಲಿ, ಸ್ಪ್ರೇಯರು ಕಡ ಕೇಳಲು ಬಂದವನಿಗೆ, “ವಾಪಸ್ ತಂದ್ಕೊಡ್ತೀಯೇನಲಾ, ಇಲ್ಲ ಸೆಕ್ರೆಟ್ರಿ ಮುಯ್ಯಿನಾ?” ಅನ್ನುತ್ತಾರೆ. ತಮಾಷೆಗೇ ಅನ್ನುವುದು, ನಾನೂ ನಗುತ್ತೇನೆ. ಆ ವರ್ಷ ನಮ್ಮ ಕೇರಿಯಲ್ಲಿ ಮುಯ್ಯಾಳು ಕೂಡಲಿಲ್ಲ. ತಮ್ಮಯ್ಯ ಗುತ್ತಿಗೆಯ ಆಳುಗಳನ್ನು ತಂದು ನಾಟಿ ಮುಗಿಸಿದ, ಉಳಿದವರೂ ಹಾಗೇ ಮಾಡಿದರು. ಅದು ಹೇಗೂ ನಿಲ್ಲುವುದರಲ್ಲಿತ್ತು, ನನ್ನಿಂದಲೇ ನಿಂತಿತು ಅನ್ನುವಷ್ಟು ದೊಡ್ಡ ಮನುಷ್ಯ ನಾನಲ್ಲ. ಆದರೆ ಪಾರ್ವತಿ ಮುಯ್ಯಾಳಿನ ಊಟಕ್ಕೆ ಅಂತ ಇಟ್ಟಿದ್ದ ದೊಡ್ಡ ಪಾತ್ರೆಯನ್ನು ಅಟ್ಟಕ್ಕೆ ಏರಿಸಿದ ದಿನ ನಾನು ಮನೆಯಲ್ಲಿ ನಿಲ್ಲಲಾರದೆ ತೋಟಕ್ಕೆ ಹೋದೆ.

ಸಂಘವನ್ನಾದರೂ ಮರ್ಯಾದೆಯಿಂದ ಮುಚ್ಚೋಣ ಅಂದರೆ ಅದೂ ಆಗಲಿಲ್ಲ. ಪಾಟೀಲರು ತೀರಿಕೊಂಡರು. ಖಾತೆ ಮುಚ್ಚಲು ಮೂವರ ಸಹಿ ಬೇಕು ಅನ್ನುತ್ತಾರೆ ಬ್ಯಾಂಕಿನವರು. ಹೊಸ ಅಧ್ಯಕ್ಷರನ್ನು ಆರಿಸಿ ಅನ್ನುತ್ತಾರೆ, ಆರಿಸಲು ಸಭೆ ಸೇರಬೇಕು, ಸೇರಿಸಿದರೆ ಯಾರೂ ಬರುವುದಿಲ್ಲ. ಉಳಿದ ಪುಡಿಗಾಸನ್ನು ಬ್ಯಾಂಕು ತನ್ನ ಖರ್ಚಿಗೆ ಕಚ್ಚಿ ಕಚ್ಚಿ ತಿನ್ನುತ್ತಿದೆ. ಸಾಯಲಿಕ್ಕೂ ಸಹಿ ಬೇಕಾದ ಸಂಘಕ್ಕೆ ಇವತ್ತಿಗೂ ನಾನೇ ಗೌರವ ಖಜಾಂಚಿ.

ಹೋದ ವಾರ ಆ ಕಡುಬಿನ ವಾಸನೆ ಬಿಡಲಿಲ್ಲ. ಲಾರಿಗಳ ನಡುವೆ ಸಂದು ನೋಡಿ ರಸ್ತೆ ದಾಟಿದೆ. ಸುಶೀಲ ಮಷಿನ್ನಿನ ಮುಂದೆ ಇದ್ದಳು. ನಿನ್ನೆ ಬಂದವನು ಇವತ್ತು ಮತ್ತೆ ಬಂದ ಹಾಗೆ, “ಬನ್ನಿ ಸಾರ್, ಕೂತ್ಕಳಿ. ಅಮ್ಮಾವ್ರು ಚೆನ್ನಾಗವ್ರಾ?” ಅಂದಳು. ಸ್ಟೂಲಿನ ಮೇಲಿದ್ದ ಬಟ್ಟೆ ಸರಿಸಿ ಜಾಗ ಮಾಡಿದಳು.

ಕೂತು, “ಒಂದಾಟ ಹಾಕಣ್ವಾ?” ಅಂದೆ.

“ಬೋರ್ಡು ಎಲ್ಲಿಟ್ಟಿದ್ದೀನೋ ಗೊತ್ತಿಲ್ಲ ಸಾರ್. ದೀಪಾವಳಿ ಬ್ಲೌಸು ರಾಶಿ ಬಿದ್ದೈತೆ.”

ಆಚೆ ಬದಿಯಲ್ಲಿ ಬೆಳಗೋಡಿನ ಬಸ್ಸು ಬಂದು ಹಾರ್ನ್ ಹೊಡೆಯಿತು. ಇಬ್ಬರೂ ಅತ್ತ ನೋಡಿದೆವು. ಏಳುವಾಗ ನನ್ನ ಕಣ್ಣು ಗೋಡೆಗೆ ಹೋಯಿತು. ಮೊಳೆ ಇತ್ತು, ಬ್ಯಾಗು ಇರಲಿಲ್ಲ. ಯಾರಿಗಾದರೂ ಮಾರಿದೆಯೇನಮ್ಮ ಅಂತ ಕೇಳಿದೆ.

“ಇಲ್ಲ ಸಾರ್, ನಮ್ಮನೆಯವ್ರಿಗೆ ಕೊಟ್ಬುಟ್ಟೆ. ಲಾರೀಲಿ ಬಟ್ಟೆ ಇಟ್ಕಳಾಕೆ. ನಾನಂತೂ ಹೋಗಲ್ಲ, ಅದಾದ್ರೂ ಊರು ನೋಡ್ಲಿ ಅಂತ.” ಆಕೆ ಸೂಜಿಯ ಕೆಳಗಿನ ಬಟ್ಟೆಯಿಂದ ಕಣ್ಣು ತೆಗೆಯಲಿಲ್ಲ. “ಕಲ್ಕತ್ತಾಕ್ಕೆ ಎರಡ್ ಸರ್ತಿ ಹೋಗ್ ಬಂತು ಸಾರ್ ಅದು.”